ಒಡೆಯನ ಅಪ್ಪಣೆ

ಕುಸ್ತಿಯ ದಿನ ಮಧ್ಯಾಹ್ನ ಲಾತಿರ್ ಚಾವ್ ಮೀನನ್ನವನ್ನು ಎರಡನೇ ಸಲ ಬಡಿಸಿಕೊಂಡಾಗಲೇ ನನ್ನ ಎದೆ ಧಸಕ್ಕೆಂದಿತ್ತು. ಇದು ಹೋದ ವರ್ಷದ ಮಾತು. ಉಳಿದವರೆಲ್ಲ ಖುಷಿಪಟ್ಟರು. ಪೈಲ್ವಾನ ಹೊಟ್ಟೆ ತುಂಬ ಉಂಡರೆ ಒಳ್ಳೆಯದೇ ಅಲ್ಲವೇ ಎಂದು ಅವರ ಲೆಕ್ಕ. ಆದರೆ ಅವನು ನಮ್ಮೂರು ಫಿಮೆಲಾದ ಬಯಲಿನಲ್ಲಿ, ಸುಗ್ಗಿ ಮುಗಿದ ಮೇಲಿನ ಊರ ಕುಸ್ತಿಗಳಲ್ಲಿ ಓರಗೆಯವರನ್ನು ಕೆಡವುತ್ತಿದ್ದ ಕಾಲದಿಂದ ನಾನು ಅವನನ್ನು ಬಲ್ಲೆ. ಕುಸ್ತಿಯ ದಿನ ಅವನ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದವನೇ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ, ಯಾರ ಮುಖವನ್ನೂ ನೋಡದೆ ಗೋಡೆಗೆ ಒರಗಿ ಕೂತುಬಿಡುತ್ತಿದ್ದ. ಹಾಗೆ ಕೂತ ದಿನ ಅವನಿಗೆ ಎದುರಾದವನ ಗತಿ ದೇವರಿಗೇ ಪ್ರೀತಿ.

ಅವತ್ತು ಮಾತ್ರ ಬೆರಳು ನೆಕ್ಕಿಕೊಂಡು, ನನ್ನ ಕಡೆ ತಿರುಗಿ, "ಅಕ್ಕಾ, ಹುಣಸೆ ರಸ ಇನ್ನೂ ಇದೆಯಾ?" ಎಂದ.

ಕುಸ್ತಿ ಗೆದ್ದ. ಗೆಲ್ಲದೆ ಏನು, ಇಪ್ಪತ್ತು ವರ್ಷ ಪಳಗಿದ ಮೈ. ಜನ ಹುಚ್ಚೆದ್ದು ಕುಣಿದರು, ನಾನು ಗಂಟಲು ಹರಿದುಹೋಗುವ ಹಾಗೆ ಹಾಡಿದೆ. ಅವನು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದ್ದು ಒಂದೇ, "ಕಾರು ಬಂತಾ?" ಎಂದು. ಗೆದ್ದ ಗಂಡಸು ಕೇಳುವ ಮಾತೇ ಅದು? ಮದುವೆಮನೆಯಲ್ಲಿ ಊಟ ಮುಗಿಸಿದ ನೆಂಟನ ಹಾಗೆ ನಿಂತಿದ್ದ.

ನಾನು ಯಾಂದೆ ಸೆಕ್. ನಮ್ಮದು ಹೊಗಳುವ ಕುಲ. ಚಾವ್ ಮನೆತನದಲ್ಲಿ ಯಾರು ಹುಟ್ಟಿದರೂ, ಗೆದ್ದರೂ, ಸತ್ತರೂ ಹಾಡುವವರು ನಾವೇ. ನನ್ನಮ್ಮ ಅವನಪ್ಪನಿಗೆ ಹಾಡಿದಳು, ನಾನು ಅವನಿಗೆ. ಹೊಟ್ಟೆಪಾಡಿಗೆ ಹೊಗಳುವವರು ಎಂದು ಹಿಂದಿನಿಂದ ನಗುವವರಿದ್ದಾರೆ. ನಗಲಿ ಬಿಡಿ. ತಮ್ಮ ಮಗಳ ಮದುವೆಗೆ ನಾನು ಹೋಗದಿದ್ದರೆ ಮೂರು ತಿಂಗಳು ಮುಖ ಊದಿಸಿಕೊಂಡು ತಿರುಗುವವರೂ ಅವರೇ. ಹಾಡಿಗಿಂತ ದೊಡ್ಡ ಕೆಲಸ ನಮ್ಮದು ಇನ್ನೊಂದಿದೆ. ಮರ್ಯಾದಸ್ಥರು ಸಭೆಯಲ್ಲಿ ಗಂಟಲೆತ್ತಿ ಮಾತಾಡುವುದಿಲ್ಲ. ಅವರು ಮೆಲ್ಲಗೆ ಹೇಳುತ್ತಾರೆ, ಪಕ್ಕದಲ್ಲಿ ನಿಂತ ನಾವು ಅದನ್ನೇ ಎಲ್ಲರಿಗೂ ಕೇಳುವಂತೆ ಹೇಳುತ್ತೇವೆ. ಮಾತು ಅವರದು, ದನಿ ನಮ್ಮದು. ಒಂದಕ್ಷರ ಆಚೀಚೆ ಆಗಕೂಡದು. ಲಾತಿರ್‌ಗೆ 'ಉಪ್ಪುಗಾಳಿ' ಎಂದು ಹೆಸರಿಟ್ಟವಳೂ ನಾನೇ. ಡಾಕರಿನ ಗೋಡೆಗಳ ಮೇಲೆಲ್ಲ ಆ ಹೆಸರಿದೆ.

ಈ ವರ್ಷ ಅವನಿಗೆ ಎದುರು ಜೋಡಿಯಾಗಿ ಗೊತ್ತಾದವನು ಮಲಾಂಗ್ ಸಾನ್ಯಾ. ದಕ್ಷಿಣದ ಕಾಸಮಾನ್ಸ್ ಕಡೆಯ ಜೋಲಾ ಹುಡುಗ. ಕತ್ತೆಂಬುದೇ ಇಲ್ಲದೆ ತಲೆ ನೇರ ಹೆಗಲಿನ ಮೇಲೆ ಕೂತಂತೆ ಕಾಣುವ ಮೈಕಟ್ಟು, ಇನ್ನೂ ಯಾರ ಕೈಲೂ ಬೆನ್ನು ಮಣ್ಣಿಗೆ ತಾಗಿಸಿಕೊಳ್ಳದವನು. ಜೋಲಾ ಎಂದು ಕೇಳಿದ ಕೂಡಲೇ ನಮ್ಮ ಕೇರಿಯಲ್ಲಿ ಎಲ್ಲರ ಮುಖವೂ ಅರಳಿತು. ನಾವು ಸೆರೆರ್ ಜನ. ಸೆರೆರರಿಗೂ ಜೋಲಾಗಳಿಗೂ ಮುತ್ತಾತರ ಕಾಲದಿಂದ ಗೇಲಿಯ ನಂಟು. ಎದುರಾದ ಕೂಡಲೇ ಅವನು ನಮ್ಮನ್ನು ಗುಲಾಮ ಎನ್ನಬೇಕು, ನಾವು ಅವನನ್ನು ಗುಲಾಮ ಎನ್ನಬೇಕು. ಹೊಟ್ಟೆಬಾಕ, ಕಳ್ಳ, ಅನ್ನಕ್ಕೆ ಹೆಂಡತಿಯನ್ನು ಮಾರುವವನು ಎಂದೆಲ್ಲ ಬಾಯಿಗೆ ಬಂದಂತೆ ಬೈಯಬೇಕು. ಸಿಟ್ಟಾದವನು ಸೋತ. ಸಾವಿನ ಮನೆಯಲ್ಲೂ ಜೋಲಾ ಬಂದು ಹೆಣವನ್ನು "ಏಳೋ ಸೋಮಾರಿ ಗುಲಾಮ, ಗದ್ದೆ ಕೆಲಸ ಯಾರು ಮಾಡ್ತಾರೆ" ಎಂದು ಗದರಿಸಿದರೆ ಅಳುತ್ತಿದ್ದವರೂ ನಗಬೇಕು. ಹಾಗಾಗಿ ಈ ಕುಸ್ತಿ ಶುರುವಾಗುವ ಮೊದಲೇ ಜನಕ್ಕೆ ಹಬ್ಬ.

ಲಾತಿರ್ ಸೋಮಾರಿಯಾದ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಬೆಳಿಗ್ಗೆ ಮಲಿಕಾದ ಕಡಲತೀರಕ್ಕೆ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಮರಳಿನಲ್ಲಿ ಓಡು ಎಂದರೆ ಓಡುತ್ತಿದ್ದ, ಟಯರು ಎಳೆ ಎಂದರೆ ಎಳೆಯುತ್ತಿದ್ದ, ಗರಡಿಯ ಹುಡುಗರನ್ನು ಒಬ್ಬರಾದ ಮೇಲೊಬ್ಬರಂತೆ ಎತ್ತಿ ಹಾಕುತ್ತಿದ್ದ. ಎಲ್ಲವನ್ನೂ ತಪ್ಪಿಲ್ಲದೆ, ಪಾತ್ರೆ ತೊಳೆದಿಟ್ಟ ಹಾಗೆ ಮಾಡಿ ಮುಗಿಸುತ್ತಿದ್ದ. ಮೊದಲೆಲ್ಲ ಅವನಿಗೆ ತರಬೇತಿಯಲ್ಲೂ ಸಿಟ್ಟು ಬರುತ್ತಿತ್ತು. ಕೆಳಗೆ ಬಿದ್ದರೆ ಎದ್ದು ಬಂದು ಬೀಳಿಸಿದವನನ್ನು ಹುಡುಕುತ್ತಿದ್ದ. ಈಗ ಬಿದ್ದರೆ ಎದ್ದು ಮರಳು ಕೊಡವಿಕೊಂಡು, "ಚೆನ್ನಾಗಿ ಹಾಕಿದೆ ಕಣೋ" ಎಂದು ಬೀಳಿಸಿದವನ ಬೆನ್ನು ತಟ್ಟುತ್ತಿದ್ದ.

ಗರಡಿಯ ಉಸ್ತಾದ ಬಿರಾಮನಿಗೂ ಏನೋ ವಾಸನೆ ಹತ್ತಿತ್ತು. ಅವನಿಗೆ ಮಾತಿಗಿಂತ ಸೀಟಿ ಊದುವುದೇ ಹೆಚ್ಚು ಅಭ್ಯಾಸ. ಅವತ್ತು ಸೀಟಿ ಬಿಟ್ಟು ನನ್ನ ಮೇಲೆ ಹರಿಹಾಯ್ದ.

"ಏನು ಯಾಂದೆ, ನಿನ್ನ ಹಾಡಲ್ಲಿ ಖಾರ ಕಮ್ಮಿ ಆಗಿದೆಯಾ? ಇವನ ಮೈ ಬಿಸಿನೇ ಆಗ್ತಿಲ್ವಲ್ಲ!"

"ನನ್ನ ಹಾಡಿಗೆ ಸತ್ತ ಕತ್ತೆನೂ ಎದ್ದು ಕುಣಿಯುತ್ತೆ," ಎಂದೆ. "ನಿನ್ನ ಸೀಟಿ ಕೇಳೀ ಕೇಳೀ ಅವನ ಕಿವಿ ಸತ್ತಿರಬೇಕು, ಹೋಗಿ ನೋಡು."

"ಮಂತ್ರ ಹಾಕೋ ಮರಬೂ ಹತ್ರ ಹೋಗಿ ಇನ್ನೊಂದು ತಾಯಿತ ಬರೆಸೋಣ. ಯಾರೋ ಏನೋ ಮಾಡಿಸಿದಾರೆ."

"ಇನ್ನು ತಾಯಿತ ಕಟ್ಟೋಕೆ ಅವನ ಮೈಮೇಲೆ ಜಾಗ ಎಲ್ಲಿದೆ ಬಿರಾಮ?"

ಆದರೂ ಕಟ್ಟಿಸಿದರು. ಬೇರು ನೆನೆಸಿದ ನೀರಿನಲ್ಲಿ ಮೀಯಿಸಿದರು. ಲಾತಿರ್ ಎಲ್ಲಕ್ಕೂ ಕೈಯೊಡ್ಡಿ ನಿಂತ. ಬೇಡ ಎಂದೂ ಅನ್ನಲಿಲ್ಲ.

ಒಂದು ಮಧ್ಯಾಹ್ನ ಅವನೊಬ್ಬನೇ ನಮ್ಮ ಮನೆಗೆ ಬಂದ. ನಾನು ಅಂಗಳದಲ್ಲಿ ಇದ್ದಿಲ ಒಲೆಯ ಮೇಲೆ ಚಹಾ ಇಟ್ಟಿದ್ದೆ. ಮೊದಲ ಸುತ್ತಿನ ಚಹಾ ಕಹಿ, ಸಕ್ಕರೆ ಬೀಳುವುದು ಆಮೇಲೆ. ಅವನು ಮೊದಲ ಲೋಟವನ್ನು ಕೈಯಲ್ಲಿ ಹಿಡಿದವನು ಕುಡಿಯುವ ಮೊದಲೇ ಹೇಳಿಬಿಟ್ಟ.

"ಅಕ್ಕಾ, ನಂಗೆ ಸಾಕಾಗಿದೆ."

"ಏನು ಸಾಕಾಗಿದೆ? ಒಂದು ಗುಟುಕೂ ಕುಡಿದಿಲ್ಲ ಇನ್ನೂ."

"ಕುಸ್ತಿ."

ನಾನು ಕೆಟಲಿಯನ್ನು ಕೆಳಗಿಳಿಸಿದೆ. "ಎಲ್ಲಾದ್ರೂ ನೋವಿದೆಯಾ? ಮಂಡಿನಾ, ಸೊಂಟನಾ? ಬಾಯ್ಬಿಟ್ಟು ಹೇಳು, ಉಳುಕು ತೆಗೆಯೋರು ಬೇಕಾದಷ್ಟು ಜನ ಇದಾರೆ."

"ಎಲ್ಲೂ ನೋವಿಲ್ಲ, ಅದೇ ಕಷ್ಟ. ನೋವಿದ್ದಿದ್ರೆ ನಾಕು ಜನಕ್ಕೆ ತೋರಿಸಬಹುದಿತ್ತು."

"ಹಂಗಾದ್ರೆ ಭಯಾನಾ?"

ಅವನು ನಕ್ಕ. "ಭಯ ಆಗಿದ್ರೆ ಖುಷಿಯಿಂದ ಕುಣೀತಿದ್ದೆ ಅಕ್ಕ. ಭಯ ಇತ್ತಲ್ಲ, ಅದೇ ನನ್ನ ಗೆಲ್ಲಿಸ್ತಿದ್ದಿದ್ದು. ಎದುರಿಗಿರೋನು ನನ್ನನ್ನ ಕೊಂದುಬಿಡ್ತಾನೆ ಅನ್ಸೋದು, ಮೈಯೆಲ್ಲ ಉರಿಯೋದು. ಹೋದ ಸಲ ಏನಾಯ್ತು ಗೊತ್ತಾ? ಅವನು ನನ್ನ ಕುತ್ತಿಗೆಗೆ ಕೈ ಹಾಕಿದಾನೆ, ನಾನು ಅವನ ಹೆಗಲ ಮೇಲಿಂದ ಜನರನ್ನ ನೋಡ್ತಿದೀನಿ. ಮೂರನೇ ಸಾಲಲ್ಲಿ ಒಬ್ಬಳು ಮುದುಕಿ ಕಡಲೆಕಾಯಿ ಬಿಡಿಸ್ತಾ ಕೂತಿದ್ದಳು. ಬಿಡಿಸಿ ಬಿಡಿಸಿ ಮಡಿಲಿಗೆ ಹಾಕ್ಕೋತಿದ್ಲು. ನಂಗೆ ಅನ್ನಿಸ್ತು, ಅಯ್ಯೋ, ಹೋಗಿ ಅವಳ ಪಕ್ಕ ಕೂತ್ಕೊಂಡ್ರೆ ಎಷ್ಟು ಚೆನ್ನಾಗಿರುತ್ತೆ ಅಂತ. ಆಮೇಲೆ ನೋಡಿದ್ರೆ ಅವನು ಕೆಳಗೆ ಬಿದ್ದಿದ್ದ. ನಾನು ಯಾವಾಗ ಕೆಡವಿದೆ ಅಂತ ನಂಗೇ ಗೊತ್ತಿಲ್ಲ."

ನನಗೆ ಕೋಪ ಬಂತು. ಸುಳ್ಳೇಕೆ, ಅವನ ಮೇಲಿನ ಕಾಳಜಿಗಿಂತ ಮೊದಲು ಬಂದದ್ದು ಕೋಪವೇ. "ಇಪ್ಪತ್ತು ವರ್ಷ ನಿನ್ನ ಹೆಸರು ಕೂಗಿ ಕೂಗಿ ನನ್ನ ಗಂಟಲು ತೂತಾಗಿದೆ. ಈಗ ಕಡಲೆಕಾಯಿ ಕತೆ ಹೇಳ್ತೀಯಾ? ಇಡೀ ಕೇರಿ ನಿನ್ನ ಬೆನ್ನ ಹಿಂದೆ ನಿಂತಿದೆ."

"ಗೊತ್ತು. ಅವರು ಹಿಂದೆ ನಿಂತಿರೋದಕ್ಕೇ ನಂಗೆ ತಿರುಗೋಕೆ ಆಗ್ತಿಲ್ಲ. ಬಿರಾಮನಿಗೆ ಹೇಳಿದ್ರೆ ತಾಯಿತ ಕಟ್ಟಿಸ್ತಾನೆ. ಹೆಂಡ್ತಿಗೆ ಹೇಳಿದ್ರೆ ಅಳ್ತಾಳೆ. ನೀನು ಹೇಳಕ್ಕ ಜನಕ್ಕೆ. ನಿನ್ನ ಬಾಯಲ್ಲಿ ಬಂದ್ರೆ ನಂಬ್ತಾರೆ."

ಅವನನ್ನು ನೋಡಿದೆ. ಮೂವತ್ತೆಂಟರ ಮೈ, ಎತ್ತಿನಂಥ ಭುಜ. ಕಣ್ಣು ಮಾತ್ರ ಬೇಡುತ್ತಿತ್ತು. ಮನಸ್ಸಿಲ್ಲದ ಮೈಯನ್ನು ಅಖಾಡಕ್ಕೆ ಇಳಿಸಿದವರು ಕತ್ತು ತಿರುಚಿಕೊಂಡು ಹೊರಬಂದದ್ದನ್ನು ನಾನು ಕಂಡಿದ್ದೇನೆ. ಪೆಟ್ಟಾಗದೆ ಹಿಂದೆ ಸರಿದವನನ್ನು ಜನ ಹೇಡಿ ಎಂದು ಕರೆಯುತ್ತಾರೆ, ಆ ಹೆಸರು ಮಕ್ಕಳಿಗೂ ಅಂಟುತ್ತದೆ. ಅವನಿಗೆ ಬೇಕಾಗಿದ್ದುದು ಮಾನ ಕಳೆದುಕೊಳ್ಳದೆ ಮನೆಗೆ ಹೋಗುವ ಒಂದು ದಾರಿ, ಅಷ್ಟೇ.

"ನೀನು ಆಡದೇ ಇರೋ ಮಾತನ್ನ ನಾನು ಆಡಲ್ಲ," ಎಂದೆ. "ಅದು ನಮ್ಮ ಕುಲದಲ್ಲಿಲ್ಲ. ಯಾಂದೆ ತಾನಾಗೇ ಹೇಳಿದ್ರೆ ಅದು ಚಾಡಿ. ನೀನು ಸಭೇಲಿ ನನ್ನ ಪಕ್ಕ ನಿಂತು ಮೆಲ್ಲಗೆ ಹೇಳು. ನಾನು ಊರಿಗೇ ಕೇಳೋ ಹಾಗೆ ಹೇಳ್ತೀನಿ."

"ಎಲ್ಲಿ?"

"ಕುಸ್ತಿಗೆ ಮೊದಲು ನಿಮ್ಮಿಬ್ಬರನ್ನೂ ಎದುರುಬದುರು ಕೂರಿಸೋ ಮುಖಾಮುಖಿ ಇದೆಯಲ್ಲ ಭಾನುವಾರ. ಟೀವಿಯವರೂ ಇರ್ತಾರೆ."

ಅವನು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಬಂದಾಗ ಇದ್ದದ್ದಕ್ಕಿಂತ ಹಗುರಾಗಿದ್ದ. ಆ ಹಗುರ ನೋಡಿ ನನ್ನ ಕೋಪ ಇಳಿಯಿತು.

ಭಾನುವಾರ ದೊಡ್ಡ ಸಭಾಂಗಣ ತುಂಬಿ ತುಳುಕುತ್ತಿತ್ತು. ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಜೋಲಾಗಳು, ನಡುವೆ ಒಂದು ಮೇಜು, ಮೇಜಿನ ಆಚೆ ಈಚೆ ಇಬ್ಬರು ಪೈಲ್ವಾನರು. ಲಾತಿರ್ ಬಿಳಿ ನಿಲುವಂಗಿ ತೊಟ್ಟು ಬಂದಿದ್ದ. ನಾನು ಅವನ ಬಲಗಡೆ ನಿಂತೆ. ಮಲಾಂಗ್ ಕೂರುವ ಮೊದಲೇ ಶುರು ಹಚ್ಚಿಕೊಂಡ.

"ಏ ಗುಲಾಮಾ! ಒಡೆಯ ಬಂದ್ರೆ ಎದ್ದು ನಿಲ್ಲಬೇಕು ಅಂತ ನಿಮ್ಮಪ್ಪ ಹೇಳಿಕೊಟ್ಟಿಲ್ವಾ?"

ಜನ ಹೋ ಎಂದರು. ಈಗ ಲಾತಿರ್ ತಿರುಗಿ ಬೈಯಬೇಕು. ಜೋಲಾಗಳ ಅನ್ನದ ಆಸೆ ಹಿಡಿದು, ಅವರ ಹೆಂಡ ಹಿಡಿದು ಬೈಯುವುದರಲ್ಲಿ ಅವನು ನಿಸ್ಸೀಮ. ಅವನು ಬಾಯಿ ಬಿಡಲಿಲ್ಲ.

"ನೋಡ್ರಪ್ಪಾ, ನಾಲಿಗೆ ಮನೇಲಿ ಬಿಟ್ಟು ಬಂದಿದಾನೆ," ಎಂದ ಮಲಾಂಗ್. ಮತ್ತೆ ನನ್ನ ಕಡೆ ತಿರುಗಿ, "ಏ ಮುದುಕಿ ಗುಲಾಮಿ, ಇವನಿಗೆ ಊಟ ಹಾಕಿದ್ಯೋ ಇಲ್ವೋ? ನಾಳೆ ಸತ್ತರೆ ನನ್ನ ಆಸ್ತಿ ಕಮ್ಮಿ ಆಗುತ್ತೆ."

ನಾನು ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಅದು ನನಗೆ ಎಷ್ಟು ಕಷ್ಟ ಎಂದು ನನ್ನ ಗಂಡನನ್ನು ಕೇಳಿ. ಲಾತಿರ್ ಎದ್ದು ನಿಂತ. ಮಲಾಂಗನ ಮುಖವನ್ನೇ ನೋಡುತ್ತ ತುಟಿ ಅಲುಗಿಸಿದ. ನನಗೆ ಮಾತ್ರ ಕೇಳಿಸಿತು. ನಾನು ಉಸಿರೆಳೆದುಕೊಂಡು ಅದನ್ನು ಅಕ್ಷರ ಬಿಡದೆ ಸಭೆಗೆ ಹೇಳಿದೆ.

"ಲಾತಿರ್ ಚಾವ್ ಹೇಳ್ತಿದಾನೆ. ನಂಗೆ ಈ ಕುಸ್ತಿ ಬೇಡ. ಇನ್ನು ಯಾವ ಕುಸ್ತೀನೂ ಬೇಡ. ನನ್ನೊಳಗೆ ಆ ಆಸೆ ಸತ್ತಿದೆ. ಈ ಹುಡುಗನಿಗೆ ಬೇಕಿದ್ರೆ ಎಲ್ಲಾ ತಗೊಳ್ಲಿ, ನಾನು ಮನೆಗೆ ಹೋಗ್ತೀನಿ."

ಮಲಾಂಗ್ ಎರಡೂ ಕೈಯಿಂದ ಮೇಜು ಬಡಿದ.

"ನೋಡಿದ್ರಾ! ಒಡೆಯನ ಮುಖ ಕಂಡಿದ್ದೇ ತಡ, ಗುಲಾಮ ಗಂಟುಮೂಟೆ ಕಟ್ಟಿದ!"

ಸಭಾಂಗಣದ ಚಾವಣಿ ಹಾರಿಹೋಗುವಂತೆ ನಗು. ನಮ್ಮವರೂ ನಕ್ಕರು, ಜೋಲಾಗಳೂ ನಕ್ಕರು. ಬಿರಾಮ ಹೊಟ್ಟೆ ಹಿಡಿದುಕೊಂಡು, "ಎಂಥಾ ಮಾತು ಹೆಣೆದಿದಾನೆ ನನ್ನ ಮಗ!" ಎಂದು ಕಣ್ಣೊರೆಸಿಕೊಂಡ.

"ನಿಜ ಹೇಳ್ತಿದೀನಿ ಕಣೋ," ಎಂದ ಲಾತಿರ್, ಈ ಸಲ ತನ್ನದೇ ದನಿಯಲ್ಲಿ.

"ಗುಲಾಮರು ಯಾವತ್ತು ನಿಜ ಹೇಳಿದಾರೆ?" ಎಂದ ಮಲಾಂಗ್. ಮತ್ತೆ ನಗು.

ನಾನು ಮೈಕು ಕಿತ್ತುಕೊಂಡು, "ಇದು ಗೇಲಿ ಅಲ್ಲ, ಕೇಳಿಸ್ಕೊಳ್ರಿ!" ಎಂದು ಕಿರುಚಿದೆ. ಯಾರೋ, "ಯಾಂದೆ ಮುಖ ನೋಡ್ರೋ, ಏನು ನಟನೆ!" ಎಂದರು. ಟೀವಿಯವರು ನನ್ನ ಮುಖವನ್ನೇ ದೊಡ್ಡದು ಮಾಡಿ ತೋರಿಸಿದರಂತೆ. ಮರುದಿನ ಊರೆಲ್ಲ ಅದೇ ಮಾತು. ಬಸ್ಸಿನಲ್ಲಿ, ಮೀನು ಮಾರುಕಟ್ಟೆಯಲ್ಲಿ ಜನ, "ನನ್ನೊಳಗೆ ಆ ಆಸೆ ಸತ್ತಿದೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು.

ತಪ್ಪು ನಮ್ಮಿಬ್ಬರದೇ. ಬೇರೆ ಯಾವ ಪೈಲ್ವಾನನ ಎದುರು ಆ ಮಾತು ಆಡಿದ್ದರೂ ಜನ ಕಿವಿಗೊಡುತ್ತಿದ್ದರು. ಜೋಲಾನ ಎದುರು ಸೆರೆರ್ ಆಡುವ ಯಾವ ಮಾತೂ ನಿಜವಲ್ಲ. ಮುತ್ತಾತರೇ ಹಾಗೆ ಕಟ್ಟು ಮಾಡಿದ್ದಾರೆ. ಇಷ್ಟು ವರ್ಷ ಮಾತಿನಲ್ಲೇ ಬದುಕಿದ ನನಗೆ ಅದು ಹೊಳೆಯಲಿಲ್ಲ. ಲಾತಿರ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮರುದಿನವೂ ಎಲ್ಲರಿಗಿಂತ ಮೊದಲು ಕಡಲತೀರಕ್ಕೆ ಬಂದು ಓಡತೊಡಗಿದ.

ಕುಸ್ತಿಯ ದಿನ ಬಂತು. ಪಿಕಿನ್‌ನ ಅಖಾಡದಲ್ಲಿ ಮಧ್ಯಾಹ್ನದಿಂದಲೇ ಡೋಲುಗಳು ಮೊರೆಯುತ್ತಿದ್ದವು. ಲಾತಿರ್ ಮೈಮೇಲೆ ಹಾಲು ಸುರಿದುಕೊಂಡ, ಬೇರಿನ ನೀರು ಸುರಿದುಕೊಂಡ. ತಾಯಿತಗಳನ್ನು ಸೊಂಟಕ್ಕೆ, ತೋಳಿಗೆ ಬಿಗಿದುಕೊಂಡ. ಡೋಲಿನವರು ಅವನ ತಾಳ ಹಿಡಿದ ಕೂಡಲೇ ಎದ್ದು ಕುಣಿದ. ಒಂದು ಹೆಜ್ಜೆ ತಪ್ಪಲಿಲ್ಲ. ತಾನು ಕೆಡವಿದವರ ಹೆಸರುಗಳನ್ನು ಒಂದೊಂದಾಗಿ ಕೂಗಿ ಹೇಳಿದ, ಜನ ಪ್ರತಿ ಹೆಸರಿಗೂ ಗುಡುಗಿದರು. ನಾನೂ ಹಾಡಿದೆ. ಹಾಡುತ್ತ ಹಾಡುತ್ತ, ಇವನಿಗೆ ಬರಬೇಕಾದ ವಾಂತಿ ನನಗೆ ಬರುತ್ತಿದೆಯಲ್ಲ ದೇವರೇ ಎಂದುಕೊಂಡೆ.

ಸೀಟಿ ಊದಿದರು. ನಾನು ಮರಳಿನ ಮೂಟೆಗಳ ಸಾಲಿನ ಆಚೆಗೇ ನಿಂತಿದ್ದೆ, ಇಬ್ಬರೂ ಚೆನ್ನಾಗಿ ಕಾಣುತ್ತಿದ್ದರು. ಮಲಾಂಗ್ ಹುಷಾರಾಗಿ ಸುತ್ತು ಹಾಕತೊಡಗಿದ. ಕೈ ಚಾಚುವುದು, ಹಿಂದೆ ತೆಗೆಯುವುದು. ಲಾತಿರ್ ಕೈ ಎತ್ತಿಕೊಂಡು ನಿಂತಲ್ಲೇ ತಿರುಗುತ್ತಿದ್ದ. ಡಾಕರಿನ ಕುಸ್ತಿಯಲ್ಲಿ ಗುದ್ದುವುದೂ ಉಂಟು; ಮಲಾಂಗನ ಒಂದು ಗುದ್ದು ಅವನ ಕಣ್ಣಿನ ಮೇಲೆ ಬಿತ್ತು. ಹುಬ್ಬು ಒಡೆದು ರಕ್ತ ಬಂತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ಹಳೆಯ ಲಾತಿರ್ ಆಗಿದ್ದರೆ ರಕ್ತ ಕಂಡ ಕೂಡಲೇ ಕುಸ್ತಿ ಮುಗಿಯುತ್ತಿತ್ತು. ಜನಕ್ಕೂ ಅದು ಗೊತ್ತಿತ್ತು. ಅವರು ಕಾದರು. ಏನೂ ಆಗಲಿಲ್ಲ. ಜೋಲಾ ಹುಡುಗ ಹತ್ತಿರ ಬರಲು ಹೆದರಿದ, ಇದೇನೋ ಬಲೆ ಎಂದುಕೊಂಡಿರಬೇಕು. ತೀರ್ಪುಗಾರ ಇಬ್ಬರನ್ನೂ ಗದರಿಸಿದ. ಮೇಲಿನ ಸಾಲುಗಳಿಂದ ಸಿಳ್ಳೆ ಶುರುವಾಯಿತು.

ಆಗ ಲಾತಿರ್ ಎರಡೂ ಕೈ ಕೆಳಗಿಳಿಸಿದ. ಮಲಾಂಗನನ್ನು ನೋಡಿ ಏನೋ ಹೇಳಿದ. ಎರಡು ಮೂರು ಮಾತು, ಹೆಚ್ಚಿಲ್ಲ. ನನಗೆ ಕೇಳಿಸಲಿಲ್ಲ. ಮಲಾಂಗನ ಮುಖ ಮಾತ್ರ ಕಾಣಿಸಿತು. ಯಾರೋ ಸತ್ತ ಸುದ್ದಿ ಕೇಳಿದವನ ಹಾಗೆ ಆಯಿತು ಅವನ ಮುಖ. ಮರುಕ್ಷಣ ತಲೆ ತಗ್ಗಿಸಿ, ಕಣ್ಣು ಮುಚ್ಚಿಕೊಂಡೋ ಏನೋ, ಗೂಳಿಯಂತೆ ನುಗ್ಗಿದ.

ನುಗ್ಗಿದವನು ಲಾತಿರ್‌ನ ಎದೆಗೆ ತಾಗಿದ್ದೇ ತಡ, ಲಾತಿರ್‌ನ ಸೊಂಟ ತಿರುಗಿತು. ಅವನು ತಿರುಗಿಸಿದ್ದಲ್ಲ, ಅದಾಗಿಯೇ ತಿರುಗಿತು. ಬಲಗೈ ತಾನೇ ಹೋಗಿ ಮಲಾಂಗನ ಕಚ್ಚೆ ಹಿಡಿಯಿತು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಕೈ, ಒಡೆಯನನ್ನು ಕೇಳುತ್ತದೆಯೇ? ಮಲಾಂಗ್ ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಭುಜದ ಮೇಲೆ ಬಿದ್ದು, ಚಿತ್ ಆದ.

ಅಖಾಡವೇ ಸಿಡಿದಂತಾಯಿತು. ಬಿರಾಮ ಅಳುತ್ತ ಓಡಿದ. ಜನ ಕಂಬಿ ಹಾರಿ ಬಂದರು. ನಾನು ನೂಕಿಕೊಂಡು ಲಾತಿರ್ ಹತ್ತಿರ ಹೋದಾಗ ಅವನು ಮರಳಿನ ಮೇಲೆ ಕೂತು ತನ್ನ ಬಲಗೈಯನ್ನು ನೋಡುತ್ತಿದ್ದ.

"ಅಕ್ಕಾ," ಎಂದ, "ನಾನು ಬೇಕಂತ ಮಾಡಿದ್ದಲ್ಲ."

ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಹೋದರು. ನನ್ನ ಜೀವನದಲ್ಲಿ ಮೊದಲ ಸಲ ಗೆದ್ದವನ ಹಿಂದೆ ಹಾಡದೆ ನಡೆದೆ. ಯಾರೂ ಗಮನಿಸಲಿಲ್ಲ. ಎಲ್ಲರೂ ಅವರೇ ಹಾಡುತ್ತಿದ್ದರು.

ಮರುದಿನ ಬೆಳಿಗ್ಗೆ ಅವನ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಜ್ಜೆಯ ಗಂಜಿಯ ದೊಡ್ಡ ತಪ್ಪಲೆಗಳು ಒಂದರ ಹಿಂದೊಂದು ಬರುತ್ತಿದ್ದವು. ಕುಸ್ತಿ ಏರ್ಪಡಿಸುವವರು ಆಗಲೇ ಬಂದು ಕುರ್ಚಿ ಹಿಡಿದಿದ್ದರು. ಮುಂದಿನ ಜೋಡಿ ಯಾರು, ಯಾವ ತಿಂಗಳು ಎಂದು ಬಿರಾಮನ ಜತೆ ಮಾತು ನಡೆದಿತ್ತು. ಲಾತಿರ್ ಹೊಲಿಗೆ ಹಾಕಿದ ಹುಬ್ಬಿನಡಿ ಕಣ್ಣು ಕಿರಿದು ಮಾಡಿಕೊಂಡು, ಕೇಳಿದವರಿಗೆಲ್ಲ "ಆಗ್ಲಿ, ನೋಡೋಣ" ಎನ್ನುತ್ತಿದ್ದ. ಗೆದ್ದದ್ದೇ ಅವನಿಗೆ ಬೇಡಿ ಆಗಿತ್ತು. ಸೋತಿದ್ದರೆ ಒಂದು ವಾರ ಅತ್ತು ಜನ ಅವನನ್ನು ಬಿಟ್ಟುಬಿಡುತ್ತಿದ್ದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಗದ್ದಲ ನಿಂತಿತು. ಮಲಾಂಗ್ ಸಾನ್ಯಾ ಬಂದಿದ್ದ, ಒಬ್ಬನೇ, ಬಲಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡು. ಜನ ದಾರಿ ಬಿಟ್ಟರು. ಅವನು ನೇರ ಲಾತಿರ್ ಹತ್ತಿರ ಹೋಗಲಿಲ್ಲ, ನನ್ನ ಪಕ್ಕದ ಚಾಪೆಯ ಮೇಲೆ ಕೂತ.

"ನಿನ್ನೆ ಅವನು ನಂಗೆ ಏನಂದ ಗೊತ್ತಾ?" ಎಂದು ಮೆಲ್ಲಗೆ ಕೇಳಿದ.

"ಹೇಳು."

"'ತಮ್ಮಾ, ಬೇಗ ಬಂದು ನನ್ನನ್ನ ಬಿಡಿಸು' ಅಂದ. ತಮ್ಮಾ ಅಂದ! ಹುಟ್ಟಿದಾಗಿಂದ ಸೆರೆರ್ ಬಾಯಲ್ಲಿ ನಾನು ಗುಲಾಮ ಅಂತ ಬಿಟ್ಟು ಬೇರೆ ಏನೂ ಕೇಳಿಲ್ಲ. ತಮ್ಮಾ ಅಂದಾಗ ನಂಗೆ ಜೀವ ಹೋದಂಗಾಯ್ತು. ಅವತ್ತು ಸಭೇಲಿ ಹೇಳಿದ್ದೂ ನಿಜ ಅಂತ ಆಗ ತಿಳೀತು. ಹೆದರಿಬಿಟ್ಟೆ. ಹೆದರಿ ನುಗ್ಗಿದೆ."

ಆ ಒಂದು ಮಾತನ್ನು ನಿಜ ಎಂದು ನಂಬಿಸಲು ಲಾತಿರ್ ಗೇಲಿಯ ನಂಟನ್ನೇ ಮುರಿದಿದ್ದ. ನಂಬಿದ್ದಕ್ಕೇ ಈ ಹುಡುಗ ಬಿದ್ದ.

ಮಲಾಂಗ್ ಎದ್ದು ಅಂಗಳದ ನಡುವೆ ಹೋಗಿ ನಿಂತ. ಗಂಟಲು ಸರಿಮಾಡಿಕೊಂಡ. ಆಮೇಲೆ, ನಿನ್ನೆಯ ತನಕ ಇದ್ದ ಆ ಜಂಬದ ದನಿಯನ್ನು ಎಲ್ಲಿಂದಲೋ ಎಳೆದು ತಂದ.

"ಏ ಗುಲಾಮಾ! ಒಡೆಯನ ತೋಳು ಮುರಿದು ಇಲ್ಲಿ ಗಂಜಿ ಕುಡೀತಾ ಕೂತಿದೀಯಾ?"

ಜನಕ್ಕೆ ಉಸಿರು ಬಂತು. ನಕ್ಕರು. ಲಾತಿರ್ ತಲೆಯೆತ್ತಿದ.

"ಎದ್ದೇಳು. ನಿನಗೆ ಶಿಕ್ಷೆ ಇದೆ. ಇವತ್ತಿಂದ ನೀನು ಕುಸ್ತಿ ಆಡೋ ಹಾಗಿಲ್ಲ. ನಿನ್ನ ಕಚ್ಚೆ ತಂದು ನನ್ನ ಕೈಲಿ ಇಡು. ಒಡೆಯನ ಅಪ್ಪಣೆ!"

ನಗು ಇನ್ನೂ ಜೋರಾಯಿತು. ಬಿರಾಮನೂ ನಕ್ಕ. ಆದರೆ ಹಿರಿಯರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಗೇಲಿಯ ನಂಟಿನವನು ನಾಲ್ಕು ಜನರ ಮುಂದೆ ಕೈಚಾಚಿ ಕೇಳಿದ್ದನ್ನು ಇಲ್ಲ ಎನ್ನಬಾರದು. ನನ್ನ ಅಣ್ಣ ಒಬ್ಬ ಜೋಲಾಗೆ ಹೀಗೇ ತಮಾಷೆಯಲ್ಲಿ ಒಂದು ಹಸು ಕಳೆದುಕೊಂಡಿದ್ದಾನೆ. ಕೊಡದಿದ್ದರೆ ಕೇಡು ಎನ್ನುತ್ತಾರೆ. ಕೊಟ್ಟರೆ ಯಾರೂ ಅವನನ್ನು ಹೇಡಿ ಎನ್ನುವಂತಿಲ್ಲ.

ಲಾತಿರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ಎದ್ದು ಒಳಗೆ ಹೋದ. ಅಜ್ಜಿ ನೇಯಿಸಿಕೊಟ್ಟಿದ್ದ ಕಚ್ಚೆಯ ಬಟ್ಟೆಯನ್ನು ಮಡಚಿ, ಎರಡೂ ಕೈಯಲ್ಲಿ ಹಿಡಿದು ತಂದ. ಮಲಾಂಗನ ಎದುರು ಮಂಡಿಯೂರಿ, "ತಗೋ ಒಡೆಯಾ," ಎಂದ. ಬಿರಾಮ, "ಏಯ್, ಏಯ್, ಏನಿದು!" ಎಂದು ಕುರ್ಚಿ ಕೆಡವಿ ಎದ್ದ. ಒಬ್ಬ ಹಿರಿಯ ಅವನ ತೋಳು ಹಿಡಿದು ಕೂರಿಸಿದ. ಲಾತಿರ್ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವನ ಹೆಂಡತಿ ಬಂದು ಅವನ ಪಕ್ಕ ಕೂತಳು.

ನನಗೆ ಸಮಾಧಾನವಾಯಿತು, ಹೊಟ್ಟೆಯೂ ಉರಿಯಿತು. ಇನ್ನು ನಾನು ಯಾರಿಗೆ ಹಾಡಲಿ? ಆದರೂ ಆ ಹುಡುಗ ಎಂಥ ಕೆಲಸ ಮಾಡಿದ ಎಂದು ಎದೆ ಉಬ್ಬಿತು. ನಾಲ್ಕು ಒಳ್ಳೆಯ ಬೈಗುಳ ಕೊಟ್ಟು ಕಳಿಸೋಣ ಎಂದು ಅವನ ಹಿಂದೆ ಬಾಗಿಲ ತನಕ ಹೋದೆ. ಅವನು ಬೀದಿಯ ಗೋಡೆಗೆ ಒರಗಿ ನಿಂತಿದ್ದ. ಕಚ್ಚೆಯ ಬಟ್ಟೆ ಎಡ ಕಂಕುಳಲ್ಲಿತ್ತು.

"ಏನೋ ಗುಲಾಮಾ, ಕದ್ದ ಮಾಲು ಮಾರೋಕೆ ಗಿರಾಕಿ ಹುಡುಕ್ತಿದೀಯಾ?" ಎಂದೆ.

ಅವನು ನಗಲಿಲ್ಲ.

"ಚಿಕ್ಕಮ್ಮಾ," ಎಂದ, "ಹತ್ತು ವರ್ಷದೋನಿದ್ದಾಗಿಂದ ಇವನನ್ನ ಕೆಡವಬೇಕು ಅಂತ ಒಂದೇ ಆಸೆ ಇಟ್ಕೊಂಡಿದ್ದೆ. ನಿನ್ನೆ ಆಗ್ಲಿಲ್ಲ, ಮುಂದಿನ ವರ್ಷ ಅಂದ್ಕೊಂಡು ರಾತ್ರಿಯೆಲ್ಲ ಹಲ್ಲು ಕಚ್ಕೊಂಡಿದ್ದೆ. ಈಗ ನಾನೇ ಅವನನ್ನ ಬಿಡಿಸಿಬಿಟ್ಟೆ. ನಾಳೆ ಬೆಳಿಗ್ಗೆ ಎದ್ದು ಯಾಕೆ ಓಡ್ಲಿ ನಾನು?"

ಇಪ್ಪತ್ತೈದರ ಹುಡುಗ. ನನ್ನ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದ. ಮಾತಿನಿಂದಲೇ ಹೊಟ್ಟೆ ಹೊರೆಯುವವಳು ನಾನು, ಹೋಗಿ ಅವನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತೆ.